ಚಪ್ಪಲಿ ಬಿಟ್ಟು ಒಳಗೆ ಹೋದವರು

ಬಾಗಿಲು ತೆರೆದ ಹೆಂಗಸು ಮೊದಲು ನೋಡಿದ್ದು ವಾರಿಜಾಕ್ಷಿಯ ಮುಖವನ್ನಲ್ಲ, ಕಾಲನ್ನು.

“ಚಪ್ಪಲಿ ಇರಲಿ, ಹಾಕಿಕೊಂಡೇ ಬನ್ನಿ,” ಎಂದರು ಡಾಕ್ಟರ್ ಗೆರ್ಲಿಂಡೆ ಆಸ್ಟ್, ಇಂಗ್ಲಿಷಿನಲ್ಲಿ. ಹಾಗೆಂದವರು ಮಾತ್ರ ಬರಿಗಾಲಲ್ಲಿ ನಿಂತಿದ್ದರು.

ವಾರಿಜಾಕ್ಷಿ ಚಪ್ಪಲಿ ಬಿಟ್ಟೇ ಒಳಗೆ ಹೋದಳು. ವಿಮೆ ಕಂಪನಿಗಳ ಪರವಾಗಿ ನಷ್ಟದ ತನಿಖೆ ಮಾಡುವ ಸರ್ವೆಯರ್ ಅವಳು. ಸುಟ್ಟ ಅಂಗಡಿ, ಮುಳುಗಿದ ದೋಣಿ, ಕಾಣೆಯಾದ ವಜ್ರ, ಎಲ್ಲವನ್ನೂ ನೋಡಿ ಬಂದವಳು. ಯಾರಾದರೂ ಬೇಡ ಎಂದರೆ ಅದನ್ನೇ ಮಾಡಿ ನೋಡುವ ಕೆಟ್ಟ ಚಾಳಿ ಆ ಕೆಲಸದಿಂದಲೇ ಅಂಟಿಕೊಂಡಿತ್ತು.

ಈ ಸಲ ಕಾಣೆಯಾದದ್ದು ವಜ್ರವಲ್ಲ, ದೈವ. ಜರ್ಮನಿಯ ಮ್ಯೂಸಿಯಮ್ಮೊಂದರಿಂದ ಅಬುಧಾಬಿಯ ಖಾಸಗಿ ಗ್ಯಾಲರಿಯ ಪ್ರದರ್ಶನಕ್ಕೆಂದು ಬಂದಿದ್ದ ತುಳುನಾಡಿನ ಮೈಸಂದಾಯ, ಕೋಣನ ಮುಖದ, ಸೊಂಟದೆತ್ತರದ ಹಲಸಿನ ಮರದ ಮೂರ್ತಿ, ಕಳೆದ ಗುರುವಾರ ದುಬೈಯ ಜೆಬೆಲ್ ಅಲಿ ಬಂದರಿನ ಗೋದಾಮಿನಿಂದ ಮಾಯವಾಗಿತ್ತು. ಆ ಪ್ರದರ್ಶನಕ್ಕೆ ಸಲಹೆಗಾರ್ತಿ ಇದೇ ಡಾಕ್ಟರ್ ಆಸ್ಟ್. ಗೋದಾಮಿನ ಮೇಲ್ವಿಚಾರಕ ಪೂವಪ್ಪ ಇವತ್ತು ಸಂಜೆ ಜೈಲಿಗೆ ಹೋಗುವವನಿದ್ದ. ಅವನನ್ನು ಅಲ್ಲಿಗೆ ಕಳಿಸುವುದಕ್ಕೆ ಬೇಕಾಗಿದ್ದದ್ದು ವಾರಿಜಾಕ್ಷಿಯ ಒಂದು ಸಹಿ ಮಾತ್ರ.

ಸೋಫಾದಲ್ಲಿ ಕೂರುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ಬ್ಯಾಗಿಗೆ ಕೈ ಹಾಕಿದಾಗ ಮೊದಲು ಸಿಕ್ಕಿದ್ದು ಆಫೀಸಿನ ಸೈಟ್ ಫೋನ್. ಶುಕ್ರವಾರ ಸುಶಾಂತ್ ಅದನ್ನು ಅವಳಿಗೆ ದಾಟಿಸಿದ್ದ, ಗೋದಾಮಿನವರು ಇನ್ನು ಮುಂದೆ ಇದಕ್ಕೇ ಕರೆ ಮಾಡಲಿ ಎಂದು. ಅದಕ್ಕೆ ಇದುವರೆಗೆ ಒಂದು ಕರೆಯೂ ಬಂದಿರಲಿಲ್ಲ. ಅದನ್ನು ಬದಿಗೆ ತಳ್ಳಿ ತನ್ನದನ್ನು ತೆಗೆದಳು. ಸುಶಾಂತನೇ, ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಅವರ ಆಫೀಸಿನ ಬಾಸ್. ವಯಸ್ಸಿನಲ್ಲಿ ಕಿರಿಯನಾದ್ದರಿಂದ ಅಕ್ಕ ಎಂದೇ ಕರೆಯುತ್ತಿದ್ದ. ಅಕ್ಕ ಎನ್ನುತ್ತಲೇ ಕೆಲಸ ತೆಗೆಯುವುದು ಅವನಿಗೆ ಸಲೀಸು.

“ವಾರಿಜಕ್ಕ, ಎಲ್ಲಿದ್ದೀರಿ?”

“ಡಾಕ್ಟರ ಫ್ಲ್ಯಾಟಲ್ಲಿ.”

“ಅಯ್ಯೋ, ಅವರನ್ನು ಬಿಡಿ ಅಂತ ಹೇಳಿದ್ದಲ್ಲ. ಅವರು ಜರ್ಮನಿಯಲ್ಲಿ ಒಂದು ರಾಜ್ಯಕ್ಕೆ ಮಂತ್ರಿ ಆಗಿದ್ದವರು ಮಾರಾಯ್ರೆ, ಕಂಪ್ಲೇಂಟ್ ಕೊಟ್ರೆ ನಮ್ಮ ಲೈಸೆನ್ಸ್ ಖಲಾಸ್. ರಿಪೋರ್ಟ್‌ಗೆ ಸಹಿ ಹಾಕಿ ಕೆಳಗೆ ಬನ್ನಿ. ನಾನು ಕಾರಲ್ಲಿ ಬಂದು ಕಾಯ್ತೇನೆ.”

“ಒಂದೆರಡು ಪ್ರಶ್ನೆ ಉಂಟು. ಮುಗಿಸಿ ಬರ್ತೇನೆ,” ಎಂದು ವಾರಿಜಾಕ್ಷಿ ಫೋನ್ ಇಟ್ಟಳು.

ಡಾಕ್ಟರ್ ಆಸ್ಟ್ ಅಷ್ಟರಲ್ಲಿ ಚಹಾ ತಂದಿದ್ದರು. ಎಪ್ಪತ್ತು ದಾಟಿದ್ದರೂ ಬೆನ್ನು ನೆಟ್ಟಗಿತ್ತು. ಎತ್ತರದ ಹೆಂಗಸು, ಬೆಳ್ಳಿ ಕೂದಲನ್ನು ಗಂಡಸಿನಂತೆ ಕತ್ತರಿಸಿಕೊಂಡವರು. ಅಂಗಾಲು ಉದ್ದ, ಅಗಲ. ಚಪ್ಪಲಿ ಅಂಗಡಿಯವನು ಗಂಡಸರ ಕಪಾಟಿನಿಂದಲೇ ಜೋಡಿ ತೆಗೆದು ಕೊಡಬೇಕು. ವಾರಿಜಾಕ್ಷಿ ಆ ಕಾಲುಗಳ ಮೇಲಿಂದ ಕಣ್ಣು ತೆಗೆಯಲು ಸ್ವಲ್ಪ ಕಷ್ಟಪಟ್ಟಳು.

ಗೋಡೆಯ ತುಂಬ ಫೋಟೊಗಳು. ಚರ್ಚಿನ ಮರದ ಸಂತರ ಪಕ್ಕದಲ್ಲಿ ಯುವತಿ ಗೆರ್ಲಿಂಡೆ. ಶಾಸನಸಭೆಯಲ್ಲಿ ಬೆರಳೆತ್ತಿ ಮಾತಾಡುತ್ತಿರುವ ಗೆರ್ಲಿಂಡೆ. ಮಂತ್ರಿಯಾಗಿ ಯಾವುದೋ ರಿಬ್ಬನ್ ಕತ್ತರಿಸುತ್ತಿರುವ ಗೆರ್ಲಿಂಡೆ.

“ನನ್ನ ಬಗ್ಗೆ ಏನು ತಿಳಿಯಬೇಕು ನಿಮಗೆ?” ಎಂದು ಡಾಕ್ಟರೇ ಕೇಳಿದರು.

“ಮೊದಲಿನಿಂದ ಹೇಳಿ.”

ಡಾಕ್ಟರ್ ಹೇಳಿದರು. ಮೈನ್ ನದಿಯ ದಡದ ಸಣ್ಣ ಊರು. ಅಪ್ಪ ಶವಪೆಟ್ಟಿಗೆ ಮಾಡುವ ಬಡಗಿ, ಹಾಗಾಗಿ ಮರ ಗೊತ್ತು. ಹಳೆಯ ಚರ್ಚುಗಳ ಮರದ ಸಂತರ ಮೇಲೆ ಸಂಶೋಧನೆ ಮಾಡಿ ಡಾಕ್ಟರೇಟು. ಆಮೇಲೆ ಮ್ಯೂಸಿಯಮ್ಮಿನಲ್ಲಿ ಕೆಲಸ. ಊರಿನ ಹಳೇ ಚರ್ಚನ್ನು ಕೆಡವಿ ಕಾರು ನಿಲ್ಲಿಸುವ ಜಾಗ ಮಾಡಹೊರಟಾಗ ಬೀದಿಗಿಳಿದು ಜಗಳವಾಡಿದ್ದರಿಂದ ರಾಜಕೀಯಕ್ಕೆ ಬಂದರಂತೆ. ನಗರಸಭೆ, ಶಾಸನಸಭೆ, ಕೊನೆಗೆ ಸಂಸ್ಕೃತಿ ಸಚಿವೆ. ಬೇರೆ ದೇಶದವರ ದೇವರುಗಳನ್ನು ಎತ್ತಿಕೊಂಡು ಬಂದ ಮ್ಯೂಸಿಯಮ್ಮುಗಳು ಅವನ್ನು ವಾಪಸು ಕೊಡಬೇಕೆಂದು ಮಸೂದೆ ಮಂಡಿಸಿದ್ದು, ಅದು ಬಿದ್ದುಹೋದದ್ದು, ಆರೋಗ್ಯ ಸರಿಯಿಲ್ಲವೆಂದು ರಾಜೀನಾಮೆ ಕೊಟ್ಟದ್ದು. ಈಗ ಈ ಕೆಲಸ.

ಎಲ್ಲವೂ ಇಸ್ತ್ರಿ ಹಾಕಿ ಮಡಚಿಟ್ಟ ಬಟ್ಟೆಯಂತಿತ್ತು. ಸುಕ್ಕಿಲ್ಲದ ಮಾತು ಕೇಳಿದರೆ ವಾರಿಜಾಕ್ಷಿಗೆ ಮೈ ತುರಿಸುತ್ತದೆ.

“ಸಂಶೋಧನೆ ಶುರು ಮಾಡಿದ್ದು ಎಪ್ಪತ್ತರ ದಶಕದ ಕೊನೆಗೆ. ಮುಗಿಸಿದ್ದು ಎಂಬತ್ತರ ದಶಕದ ನಡುವಿಗೆ. ಬಹಳ ಸಮಯ ಹಿಡಿಯಿತಲ್ಲ?”

“ಆಗ ಎಲ್ಲರಿಗೂ ಹಿಡಿಯುತ್ತಿತ್ತು. ಬಡಗಿಯ ಮಗಳು ನಾನು. ನಡುನಡುವೆ ದುಡಿಯಬೇಕಿತ್ತು.”

“ಭಾರತಕ್ಕೆ ಹೋಗಿದ್ದಿರಾ?”

“ಇಲ್ಲ.” ಕಪ್ಪನ್ನು ತಟ್ಟೆಯ ಮೇಲಿಟ್ಟರು. “ನನಗೆ ಗೊತ್ತಿರುವ ಭಾರತ ಮ್ಯೂಸಿಯಮ್ಮುಗಳ ನೆಲಮಾಳಿಗೆಯಲ್ಲಿದೆ. ನಿಮ್ಮ ಪೂವಪ್ಪ ತಪ್ಪೊಪ್ಪಿಕೊಂಡನೇ?”

ಅವನ ಹೆಸರನ್ನು ಎಷ್ಟು ಸಲೀಸಾಗಿ ಹೇಳಿದರು. ಬಿಳಿಯರ ಬಾಯಲ್ಲಿ ಆ ಹೆಸರು ಪುವಾಪ ಆಗುತ್ತದೆ, ಪೂಪಾ ಆಗುತ್ತದೆ. ಇವರ ಬಾಯಲ್ಲಿ ಪೂವಪ್ಪ ಪೂವಪ್ಪನೇ ಆಗಿದ್ದ. ವಾರಿಜಾಕ್ಷಿ ಅದನ್ನು ಮನಸ್ಸಿನ ಒಂದು ಮೂಲೆಯಲ್ಲಿ ಇಟ್ಟುಕೊಂಡಳು.

ನಿಜ ಹೇಳಬೇಕೆಂದರೆ ಪೂವಪ್ಪನನ್ನು ಸಿಕ್ಕಿಸಿದ್ದು ಅವಳದೇ ಜಾಣತನ. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಅವಳು ಗೋದಾಮಿನ ಆ ಕೋಣೆಯ ಹೊಸ್ತಿಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ತಲೆಯ ಮೇಲಿನ ಮಾಡಿನ ರಿಪೇರಿ ನಡೆಯುತ್ತಿತ್ತು, ಆ ಭಾಗದ ಕ್ಯಾಮೆರಾ ಬಂದ್ ಆಗಿತ್ತು. ನೆಲದ ಮೇಲೆ ಬಿಳಿ ಜಿಪ್ಸಮ್ ಪುಡಿ, ಜರಡಿ ಹಿಡಿದಂತೆ ಸಮನಾಗಿ. ಬಾಗಿಲ ತನಕ ಚಪ್ಪಲಿ ಮೆಟ್ಟಿದ ಗುರುತು. ಹೊಸ್ತಿಲಿನಿಂದ ಆಚೆ ಬರಿಗಾಲು. ಪೆಟ್ಟಿಗೆಯ ತನಕ ಹೋಗಿ, ಅಲ್ಲಿ ನಿಂತು, ಹಿಂದಿರುಗಿದ ಒಂದೇ ಜೋಡಿ ಕಾಲು, ದೊಡ್ಡ ಅಳತೆಯದು. ಪೆಟ್ಟಿಗೆ ಖಾಲಿ.

ಬೀಗ ಮುರಿದಿರಲಿಲ್ಲ. ಒಂದು ಕೀ ಪೂವಪ್ಪನಲ್ಲಿ. ಇನ್ನೊಂದು ಗ್ಯಾಲರಿಯವರ ತಿಜೋರಿಯಲ್ಲಿ ಭದ್ರವಾಗಿದೆ ಎಂದು ಸುಶಾಂತ್ ವಿಚಾರಿಸಿ ಹೇಳಿದ್ದ.

“ಇದು ಪಾಕಿಸ್ತಾನದವರೂ ಅಲ್ಲ, ಫಿಲಿಪ್ಪೀನ್ಸಿನವರೂ ಅಲ್ಲ ಸುಶಾಂತ್,” ಎಂದಿದ್ದಳು ಅವಳು, ಸ್ವಲ್ಪ ಹೆಮ್ಮೆಯಿಂದಲೇ. “ಪೆಟ್ಟಿಗೆ ಮೇಲೆ ಬರೀ ಕೆತ್ತನೆ ಮರ ಅಂತ ಉಂಟು. ಒಳಗಿರುವುದು ದೈವ ಅಂತ ಗೊತ್ತಿದ್ದವರು ಮಾತ್ರ ಚಪ್ಪಲಿ ಬಿಡ್ತಾರೆ. ಇದು ನಮ್ಮವರೇ.”

ಆ ಗೋದಾಮಿನಲ್ಲಿ ನಮ್ಮವರು ಎಂದರೆ ಒಬ್ಬನೇ ಇದ್ದ. ಪೊಲೀಸರು ಅದೇ ದಿನ ಅವನ ಪಾಸ್‌ಪೋರ್ಟ್ ತೆಗೆದುಕೊಂಡರು.

ಇವತ್ತು ಬೆಳಿಗ್ಗೆ ಅವಳು ಜೆಬೆಲ್ ಅಲಿಯ ಕಂಪನಿ ಅಕಾಮಡೇಶನ್ನಿನಲ್ಲಿ ಪೂವಪ್ಪನನ್ನು ನೋಡಿ ಬಂದಿದ್ದಳು. ಬಂಕ್ ಮಂಚದ ಕೆಳಗಿನ ಹಾಸಿಗೆಯಲ್ಲಿ ಗಡ್ಡ ಬಿಟ್ಟುಕೊಂಡು ಕೂತಿದ್ದ. ನಲವತ್ತು ದಾಟಿದ ಗಂಡಸು, ಅತ್ತು ಅತ್ತು ಕಣ್ಣು ಬಾತಿತ್ತು.

“ಅಕ್ಕ, ಆ ದಿನ ನಾನು ಆ ಕೋಣೆಗೆ ಕಾಲಿಟ್ಟವನೇ ಅಲ್ಲ.”

“ಒಳಗಿರುವುದು ದೈವ ಅಂತ ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು. ಪೆಟ್ಟಿಗೆ ಬಂದ ದಿನ ಕಸ್ಟಮ್ಸಿನವರು ತೆಗೆಸಿ ನೋಡಿದ್ರು. ನಾನು ಬೂಟ್ ಬಿಚ್ಚಿ ಕೈ ಮುಗಿದೆ. ಗ್ಯಾಲರಿಯವರು, ನಿಮ್ಮ ಆಫೀಸಿನವರು, ಎಲ್ಲ ಇದ್ರು. ಎಲ್ಲ ನಗಾಡಿದ್ರು.”

“ಮತ್ತೆ ಗುರುವಾರ ಹೋಗ್ಲಿಲ್ಲ ಅಂದ್ರೆ ಯಾರು ನಂಬ್ತಾರೆ?”

“ಹೇಗೆ ಹೋಗುದಕ್ಕ? ಆ ಮಂಗಳವಾರ ಊರಲ್ಲಿ ಮಾವ ತೀರಿಕೊಂಡ್ರು. ಅಮ್ಮನ ಅಣ್ಣ. ನಾವು ಅಳಿಯಕಟ್ಟಿನವರಲ್ಲವಾ, ಕುಟುಂಬ ತಾಯಿ ಕಡೆಯದ್ದು, ಮಾವನ ಸೂತಕ ಸೋದರಳಿಯನಿಗೆ. ಸೂತಕದಲ್ಲಿ ದೈವದ ಎದುರು ಹೋಗ್ಲಿಕ್ಕೆ ಉಂಟಾ? ಬೀಗವನ್ನು ಹೊರಗಿಂದ ನೋಡಿ ಊಟಕ್ಕೆ ಹೋದದ್ದು.” ಮುಖ ಒರೆಸಿಕೊಂಡ. “ಮಾವ ಕಾಂತಪ್ಪ ಅಂತ. ಕೊಳಂಬೆಬೈಲಿನ ದೈವಸ್ಥಾನ ನೋಡಿಕೊಂಡು ಒಬ್ಬರೇ ಇದ್ದವರು. ಹೆಂಡತಿ ನಾನು ಸಣ್ಣವ ಇದ್ದಾಗಲೇ ಬಿಟ್ಟು ಹೋದದ್ದಂತೆ. ಅವರ ಸುದ್ದಿ ಮನೆಯಲ್ಲಿ ಎತ್ತುವ ಹಾಗೇ ಇಲ್ಲ.”

“ಮನೆಗೆ ತಿಳಿಸಿದೆಯಾ, ಇಲ್ಲಿ ಆದದ್ದು?”

“ಮಗಳು ಅಕ್ಷಿತಾ ದಿನಾ ಫೋನ್ ಮಾಡ್ತಾಳೆ. ಡ್ಯೂಟಿಯಲ್ಲಿದ್ದೇನೆ ಅಂತ ಹೇಳ್ತೇನೆ ಅಕ್ಕ.”

ಅಬುಧಾಬಿಯ ದಾರಿಯಲ್ಲಿ ಕಾರಿನಿಂದಲೇ ಅವಳು ಸುಶಾಂತನಿಗೆ ಇದನ್ನು ಹೇಳಿದ್ದಳು. ಅವನು ನಕ್ಕಿದ್ದ.

“ಕಳ್ಳನಿಗೆ ಎಂತ ಸೂತಕ ಮಾರಾಯ್ರೆ?”

“ಚಪ್ಪಲಿ ಬಿಡುವ ಕಳ್ಳನಿಗೆ ಸೂತಕವೂ ಇರ್ತದೆ. ಒಂದನ್ನು ನಂಬಿದ ಮೇಲೆ ಇನ್ನೊಂದನ್ನೂ ನಂಬಬೇಕು.”

“ಸರಿ. ರಿಪೋರ್ಟಲ್ಲಿ ಅದಕ್ಕೆ ಇಂಗ್ಲಿಷಲ್ಲಿ ಎಂತ ಬರೀತೀರಿ? ಲಂಡನ್ನಿನ ವಿಮೆಯವರು ಓದ್ಲಿಕ್ಕುಂಟು.”

ಇಂಗ್ಲಿಷಿನ ಮಾತನ್ನು ಆಮೇಲೆ ನೋಡೋಣ ಎಂದು ವಾರಿಜಾಕ್ಷಿ ಫೋನ್ ಇಟ್ಟಿದ್ದಳು. ಅವಳ ಮಟ್ಟಿಗೆ ಪೂವಪ್ಪನ ವಿಚಾರ ಅಲ್ಲಿಗೆ ಮುಗಿದಿತ್ತು. ದೈವಕ್ಕೆ ಹೆದರಿ ಚಪ್ಪಲಿ ಬಿಡುವ ಮನುಷ್ಯ ಸೂತಕ ಹೊತ್ತು ಅದರ ಮುಂದೆ ಹೋಗಲಾರ. ಹಾಗಾದರೆ ಆ ಕಾಲು ಯಾರದು? ಪೆಟ್ಟಿಗೆಯಲ್ಲಿರುವುದು ದೈವ ಎಂದು ತಿಳಿದೂ ನಗಾಡದವರು ಇನ್ನು ಉಳಿದದ್ದು ಒಬ್ಬರೇ, ಪುಸ್ತಕ ಓದಿ ತಿಳಿದವರು. ಪುಸ್ತಕ ಓದಿದವರು ಚಪ್ಪಲಿ ಬಿಡುತ್ತಾರೆಯೇ ಎಂಬುದೇ ಅವಳನ್ನು ಈ ಫ್ಲ್ಯಾಟಿಗೆ ಕರೆತಂದಿತ್ತು.

“ಪೂವಪ್ಪ ಒಪ್ಪಿಕೊಂಡಿಲ್ಲ,” ಎಂದಳು ಡಾಕ್ಟರಿಗೆ. “ಅವನ ಮನೆಯಲ್ಲಿ ಸಾವಾಗಿದೆ. ಅಂಥವರು ಕೆಲವು ದಿನ ದೈವದ ಹತ್ತಿರ ಹೋಗುವುದಿಲ್ಲ. ನಮ್ಮ ಕಡೆಯ ಕ್ರಮ ಅದು.”

“ತಾಯಿಯ ಕಡೆಯವರೇ?”

ಚಹಾದ ಕಪ್ಪು ವಾರಿಜಾಕ್ಷಿಯ ತುಟಿಯ ಹತ್ತಿರ ನಿಂತಿತು. ಸಾವಿನ ಸುದ್ದಿ ಹೇಳಿದರೆ ಯಾರು ಎಂದು ಕೇಳುತ್ತಾರೆ, ಹೇಗೆ ಎಂದು ಕೇಳುತ್ತಾರೆ. ತಾಯಿಯ ಕಡೆಯೋ ತಂದೆಯ ಕಡೆಯೋ ಎಂದು ಕೇಳುವುದು ಅಳಿಯಕಟ್ಟಿನ ಮನೆಗಳ ಒಳಗು ಗೊತ್ತಿದ್ದವರು. ಬೆಂಗಳೂರಿನವರಿಗೂ ಆ ಪ್ರಶ್ನೆ ಹೊಳೆಯಲಿಕ್ಕಿಲ್ಲ.

“ಅದು ನಿಮಗೆ ಹೇಗೆ ಗೊತ್ತು?”

“ಓದಿದ್ದೇನೆ,” ಎಂದರು ಡಾಕ್ಟರ್. ಸ್ವಲ್ಪ ಬೇಗನೇ ಅಂದರು.

ಓದಿದ್ದು ತಲೆಯಲ್ಲಿರುತ್ತದೆ, ಕೈಕಾಲಿಗೆ ಇಳಿಯುವುದಿಲ್ಲ. ವಾರಿಜಾಕ್ಷಿ ಫೈಲು ತೆರೆದು ಮೈಸಂದಾಯನ ಫೋಟೊ ತೆಗೆದಳು. ಅಂಗೈ ಅಗಲದ ಬಣ್ಣದ ಪ್ರಿಂಟು. ಬಾಗಿದ ಕೊಂಬು, ಉಬ್ಬಿದ ಕಣ್ಣು, ತೆರೆದ ಬಾಯಿ. ಮುಂದೆ ಮಾಡಹೊರಟದ್ದಕ್ಕೆ ಒಳಗೊಳಗೇ ತಪ್ಪಾಯ್ತು ಸ್ವಾಮಿ ಎಂದುಕೊಂಡಳು. ಫೋಟೊವನ್ನು ಡಾಕ್ಟರ ಕಡೆ ಚಾಚುವಂತೆ ಮಾಡಿ, ಅವರ ಕೈ ಬರುವ ಮೊದಲೇ ಬೆರಳು ಸಡಿಲಿಸಿದಳು.

ಫೋಟೊ ಜಾರಿ ಡಾಕ್ಟರ ಬಲಪಾದದ ಮೇಲೆ ಬಿತ್ತು.

ಡಾಕ್ಟರ್ ಬಿಸಿ ತಾಗಿದಂತೆ ಕಾಲು ಹಿಂದೆಗೆದುಕೊಂಡರು. ಬಗ್ಗಿದರು. ಎರಡೂ ಕೈಯಲ್ಲಿ ಫೋಟೊ ಎತ್ತಿದರು. ಎತ್ತಿದ ಫೋಟೊವನ್ನು ಒಂದು ಕಣ್ಣಿಗೆ, ಇನ್ನೊಂದು ಕಣ್ಣಿಗೆ, ಆಮೇಲೆ ಎದೆಗೆ ಒತ್ತಿಕೊಂಡರು.

ಒತ್ತಿಕೊಂಡ ಮೇಲೆ ಅವರಿಗೆ ತಾನೇನು ಮಾಡಿದೆನೆಂದು ತಿಳಿಯಿತು. ಕೈ ಎದೆಯ ಮೇಲೇ ಉಳಿಯಿತು.

ಕೆಳಗೆ ರಸ್ತೆಯಲ್ಲಿ ಯಾವುದೋ ಟ್ಯಾಕ್ಸಿ ಹಾರ್ನ್ ಹೊಡೆದುಕೊಂಡು ಹೋಯಿತು. ವಾರಿಜಾಕ್ಷಿಗೆ ಗೆದ್ದ ಖುಷಿ ಬರಬೇಕಿತ್ತು, ಬರಲಿಲ್ಲ. ಮುದುಕಿಯ ಮುಖ ನೋಡಿ ಕನಿಕರವೇ ಬಂತು.

“ಈರೆಗ್ ಉಂದೆನ್ ಏರ್ ಕಲ್ಪಾಯಿನಿ?” ಎಂದಳು. ನಿಮಗೆ ಇದನ್ನು ಯಾರು ಕಲಿಸಿದ್ದು ಎಂದು, ಅಪ್ಪಟ ತುಳುವಿನಲ್ಲಿ.

ಡಾಕ್ಟರ್ ಆಸ್ಟ್ ಫೋಟೊವನ್ನು ಎದೆಯಿಂದ ಇಳಿಸಿ ಮಡಿಲಲ್ಲಿಟ್ಟರು.

“ಎನ್ನ ಮಾಮಿ,” ಎಂದರು.

ಮಾಮಿ ಎಂದರೆ ಅತ್ತೆ, ಗಂಡನ ತಾಯಿ. ಆ ಎರಡು 'ಮ'ಗಳನ್ನು ಅವರು ಹೇಳಿದ ರೀತಿಯಲ್ಲಿ ಜರ್ಮನಿ ಎಲ್ಲೂ ಇರಲಿಲ್ಲ.

“ಮದುವೆಯಾಗಿದ್ದಿರಿ.”

“ಮರದ ಮೂರ್ತಿ ನೋಡಲೆಂದು ಹೋದವಳು. ನಾಲ್ಕು ದಿನಕ್ಕೆಂದು ಹೋಗಿ ಆ ಮನೆಯಲ್ಲೇ ಉಳಿದೆ. ಮಾಮಿ ನನಗೆ ಸೀರೆ ಉಡಿಸಿದರು. ಕಾಲು ತಾಗಿದ್ದನ್ನು ಕಣ್ಣಿಗೆ ಒತ್ತಿಕೊಳ್ಳಲು ಕಲಿಸಿದರು. ದೈವದ ಕೋಣೆಗೆ ಬಲಗಾಲಿಟ್ಟು ಹೋಗಲು ಕಲಿಸಿದರು.” ಮತ್ತೆ ಇಂಗ್ಲಿಷಿಗೆ ಬಂದಿದ್ದರು, ಆದರೆ ದನಿ ಮೊದಲಿನದಲ್ಲ. “ಒಂದು ವರ್ಷ ಹೊಸ ಮೂರ್ತಿ ಬಂತು. ಜೀರ್ಣವಾದ ಹಳೆಯದನ್ನು ಹೊಳೆಗೆ ಬಿಡಬೇಕಿತ್ತು. ನನಗೆ ಹೊಟ್ಟೆ ಉರಿಯಿತು. ಅಷ್ಟು ಒಳ್ಳೆಯ ಕೆಲಸ ನೀರಿಗೆ ಹೋಗುವುದೇ? ಗಂಡನನ್ನು ಕಾಡಿ ಬೇಡಿದೆ. ಅವನು ಖಾಲಿ ಗೋಣಿಯನ್ನು ಹೊಳೆಗೆ ಬಿಟ್ಟು, ಮೂರ್ತಿಯನ್ನು ನನಗೆ ಕೊಟ್ಟ.”

“ನೀವು ಅದನ್ನು ತೆಗೆದುಕೊಂಡು ಹೊರಟಿರಿ.”

“ವಾಪಸು ಬರುತ್ತೇನೆ ಅಂದಿದ್ದೆ. ಬರಲಿಲ್ಲ. ನನ್ನ ಹೆಸರು, ನನ್ನ ಕುರ್ಚಿ ಎಲ್ಲ ಆ ಮೂರ್ತಿಯಿಂದ ಶುರುವಾಯಿತು. ಮಂತ್ರಿಯಾಗಿ ವಾಪಸು ಕೊಡಿ ಎಂದು ಊರಿಗೆಲ್ಲ ಉಪದೇಶ ಮಾಡಿದೆ. ನಿಮ್ಮ ಮ್ಯೂಸಿಯಮ್ಮಿಗೆ ಈ ಕೋಣನ ಮುಖ ಎಲ್ಲಿಂದ ಬಂತು ಎಂದು ಒಬ್ಬ ಕೇಳಿದ. ಮಾರನೆಯ ದಿನವೇ ನನ್ನ ಆರೋಗ್ಯ ಕೆಟ್ಟಿತು.” ನಗಲು ನೋಡಿದರು. “ಕಾನೂನಿನ ದಾರಿಯಲ್ಲಿ ಅದನ್ನು ಊರಿಗೆ ಕಳಿಸಲಾಗಲಿಲ್ಲ. ಪ್ರದರ್ಶನದ ನೆಪದಲ್ಲಿ ಇಲ್ಲಿಯವರೆಗಾದರೂ ತಂದೆ. ಆ ಗೋದಾಮನ್ನು ಆರಿಸಿದ್ದೂ ನಾನೇ. ಅಲ್ಲಿನ ಸಿಬ್ಬಂದಿಯ ಪಟ್ಟಿಯಲ್ಲಿ ಪೂವಪ್ಪನ ಹೆಸರೂ ಊರೂ ಕಂಡಿದ್ದವು. ಮನೆಯ ಮಗನೊಬ್ಬ ಅದರ ಪಕ್ಕದಲ್ಲಿರಲಿ ಎನಿಸಿತು.”

“ಆ ಮನೆಯ ಮಗನೇ ಈಗ ಜೈಲಿಗೆ ಹೋಗ್ತಾ ಇದ್ದಾನೆ. ನೀವಿಲ್ಲಿ ಚಹಾ ಕುಡೀತಾ ಇದ್ದೀರಿ.” ವಾರಿಜಾಕ್ಷಿಗೆ ಸಿಟ್ಟು ನೆತ್ತಿಗೇರಿತ್ತು. “ಗುರುವಾರ ಆ ಕೋಣೆಗೆ ಹೋದದ್ದು ನೀವು. ಆ ಹೆಜ್ಜೆ ನಿಮ್ಮದು. ಹೌದೋ ಅಲ್ಲವೋ?”

“ಹೌದು.”

“ಮೂರ್ತಿ ಎಲ್ಲಿದೆ?”

“ಗೊತ್ತಿಲ್ಲ. ನಾನು ಹೋಗುವಾಗಲೇ ಪೆಟ್ಟಿಗೆ ಖಾಲಿಯಾಗಿತ್ತು.”

“ಬೀಗ?”

“ಬಾಗಿಲು ತೆರೆದಿತ್ತು. ತೆರೆದಿರುತ್ತದೆ ಎಂದು ಅವನು ಹೇಳಿದ್ದ.”

“ಯಾರು?”

ಡಾಕ್ಟರ್ ಫೋಟೊವನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. “ನನ್ನ ಗಂಡ. ಗುರುವಾರ ಬೆಳಿಗ್ಗೆ ಫೋನ್ ಮಾಡಿದ್ದ. ಇಲ್ಲಿನದೇ ನಂಬರು. ನಾನಿಲ್ಲಿಗೆ ಬಂದಿದ್ದೇನೆ, ಮೈಸಂದಾಯ ನಿನ್ನ ದಾರಿ ಕಾಯುತ್ತಿದ್ದಾನೆ, ಊಟದ ಹೊತ್ತಿಗೆ ಒಬ್ಬಳೇ ಬಾ ಎಂದ. ತುಳುವಿನಲ್ಲಿ. ನಲವತ್ತು ವರ್ಷ ಆ ದನಿ ಕೇಳಿರಲಿಲ್ಲ. ಮುದುಕನ ದನಿಯಾಗಿತ್ತು, ನಾನೂ ಮುದುಕಿಯಲ್ಲವೇ? ಹೋದೆ. ಅವನೂ ಇರಲಿಲ್ಲ, ಅದೂ ಇರಲಿಲ್ಲ. ಮೂರ್ತಿಯನ್ನು ಅವನೇ ಮನೆಗೆ ಒಯ್ದನೆಂದು ತಿಳಿದು ಬಾಯಿ ಮುಚ್ಚಿಕೊಂಡೆ. ಪೂವಪ್ಪನನ್ನು ಬಿಡಿಸಲು ಅವನೇ ಮುಂದೆ ಬರುತ್ತಾನೆ ಎಂದು ದಿನಾ ಕಾಯುತ್ತಿದ್ದೇನೆ.”

ವಾರಿಜಾಕ್ಷಿ ಚಹಾದ ಕಪ್ಪನ್ನು ಕೆಳಗಿಟ್ಟಳು. ಕೇಳಬೇಕಾದ ಪ್ರಶ್ನೆ ಒಂದೇ ಇತ್ತು.

“ಅಮ್ಮ, ನಿಮ್ಮ ಗಂಡನ ಹೆಸರು?”

“ಕಾಂತಪ್ಪ. ಕೊಳಂಬೆಬೈಲು.”

ಈ ಕೆಲಸದಲ್ಲಿ ಅವಳು ಎಷ್ಟೋ ಕೆಟ್ಟ ಸುದ್ದಿ ಹೇಳಿದ್ದಳು. ಇಷ್ಟು ಕಷ್ಟದ್ದು ಯಾವುದೂ ಇರಲಿಲ್ಲ.

“ಪೂವಪ್ಪನಿಗೆ ಬಂದ ಸೂತಕ ಅವರದೇ. ಅವರು ತೀರಿಕೊಂಡದ್ದು ಮಂಗಳವಾರ. ನಿಮಗೆ ಫೋನ್ ಬರುವ ಎರಡು ದಿನ ಮೊದಲು.”

ಡಾಕ್ಟರ್ ಅಳಲಿಲ್ಲ. ಎರಡು ಕಾಲನ್ನೂ ಸೋಫಾದ ಮೇಲೆ ಎತ್ತಿಕೊಂಡು, ಊರಿನ ಮುದುಕಿಯರು ಜಗಲಿಯಲ್ಲಿ ಕೂರುವಂತೆ ಮೊಣಕಾಲನ್ನು ತಬ್ಬಿ ಕೂತರು. ಮಂತ್ರಿಯಾಗಿದ್ದ ಹೆಂಗಸು ಆ ಕೂರುವಿಕೆಯಲ್ಲಿ ಎಲ್ಲೂ ಕಾಣಲಿಲ್ಲ. ವಾರಿಜಾಕ್ಷಿ ಸೋಫಾದ ತನ್ನ ತುದಿಯಿಂದ ಎದ್ದು ಹೋಗಿ ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈಯಿಟ್ಟಳು. ಸಿಟ್ಟೆಲ್ಲ ಎಲ್ಲಿ ಹೋಯಿತೋ.

ತುಸು ಹೊತ್ತಿನ ಮೇಲೆ ಡಾಕ್ಟರೇ ತಲೆಯೆತ್ತಿದರು. “ಪೊಲೀಸ್ ಸ್ಟೇಶನ್ನಿಗೆ ಹೋಗೋಣ. ಆ ಹೆಜ್ಜೆ ನನ್ನದೆಂದು ನಾನೇ ಹೇಳುತ್ತೇನೆ. ಎಲ್ಲವನ್ನೂ ಹೇಳುತ್ತೇನೆ. ಅವನ ಸೋದರಳಿಯನನ್ನಾದರೂ ಉಳಿಸುತ್ತೇನೆ.”

ಇಷ್ಟು ಸಾಕಿತ್ತು. ಪೂವಪ್ಪ ಇವತ್ತು ರಾತ್ರಿ ಮಗಳ ಫೋನ್ ಎತ್ತಿ ಸುಳ್ಳು ಹೇಳಬೇಕಾಗಿರಲಿಲ್ಲ. ಆದರೆ ವಾರಿಜಾಕ್ಷಿಯ ತಲೆಯಲ್ಲಿ ಆ ಬಿಳಿ ನೆಲ ಬಂದು ನಿಂತಿತ್ತು, ಜರಡಿ ಹಿಡಿದಂತೆ ಸಮನಾದ ಪುಡಿ. ಮಾಡಿನಿಂದ ಬಿದ್ದ ಪುಡಿ ಒಂದು ಕಡೆ ಗುಪ್ಪೆ, ಒಂದು ಕಡೆ ಬೋಳು ಇರಬೇಕು. ಮೂರ್ತಿ ಹೊತ್ತವರ ಹೆಜ್ಜೆ ಎಲ್ಲಿ? ಮೊದಲೇ ಸಾಗಿಸಿ, ಗುಡಿಸಿ, ಹೊಸದಾಗಿ ಪುಡಿ ಉದುರಿಸಿ, ಆಮೇಲೆ ಈ ಮುದುಕಿಯನ್ನು ಕರೆಸಿಕೊಂಡಿದ್ದರು. ಒಂದು ಜೋಡಿ ಬರಿಗಾಲು ಬೇಕಿತ್ತು, ಅಷ್ಟೆ.

ಇನ್ನೂ ಒಂದು ಮಾತು. ಬರಿಗಾಲು ಕಂಡರೆ ಇದು ನಮ್ಮವರೇ ಎಂದು ಥಟ್ಟನೆ ಹೇಳುವ ಸರ್ವೆಯರ್ ಈ ದೇಶದಲ್ಲಿ ಎಷ್ಟು ಮಂದಿ ಇದ್ದಾರೆ? ಅವಳು ಹಾಗೇ ಹೇಳುತ್ತಾಳೆಂದು ಗೊತ್ತಿದ್ದವರಿಗೆ ಮಾತ್ರ ಈ ಹೂಟ ಹೊಳೆಯಬೇಕು. ಪೂವಪ್ಪ ಬೂಟ್ ಬಿಚ್ಚಿ ಕೈ ಮುಗಿದದ್ದನ್ನು ನೋಡಿ ನಕ್ಕವರಲ್ಲಿ ಅವರೂ ಇರಬೇಕು.

“ಆ ನಂಬರಿಗೆ ನೀವು ಮತ್ತೆ ಫೋನ್ ಮಾಡಿದಿರಾ?”

“ಧೈರ್ಯ ಬರಲಿಲ್ಲ.” ಡಾಕ್ಟರ್ ತಮ್ಮ ಫೋನ್ ತೆಗೆದು ಗುರುವಾರದ ಕರೆಯನ್ನು ಹುಡುಕಿ ತೋರಿಸಿದರು. ವಾರಿಜಾಕ್ಷಿಗೆ ಅದು ಯಾವ ನಂಬರೆಂದು ಹೊಳೆಯಲಿಲ್ಲ.

“ಈಗ ಮಾಡಿ. ಯಾರು ಎತ್ತುತ್ತಾರೋ ನೋಡೋಣ.”

ಡಾಕ್ಟರ್ ಒತ್ತಿದರು.

ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ, ಸೋಫಾದ ಆಚೆ ತುದಿಯಲ್ಲಿದ್ದ ವಾರಿಜಾಕ್ಷಿಯ ಬ್ಯಾಗಿನೊಳಗಿನಿಂದ, ಇದುವರೆಗೆ ಒಮ್ಮೆಯೂ ಬಡಿದುಕೊಳ್ಳದ ಸೈಟ್ ಫೋನ್ ಬಡಿದುಕೊಳ್ಳತೊಡಗಿತು.

ಡಾಕ್ಟರ್ ಬ್ಯಾಗನ್ನು ನೋಡಿದರು. ತಮ್ಮ ಬೆನ್ನ ಮೇಲಿದ್ದ ಕೈಯ ಒಡತಿಯನ್ನು ನೋಡಿದರು. ಆ ಕೈಯಿಂದ ಜಾರಿಕೊಂಡು ಎದ್ದು ನಿಂತರು.

“ಅಮ್ಮ, ಅದು ಆಫೀಸಿನ ಫೋನ್. ನನಗೆ ಕೊಟ್ಟದ್ದು ಶುಕ್ರವಾರ. ಗುರುವಾರ ಅದು ಇದ್ದದ್ದು...”

“ತುಳು ಬಲ್ಲವರು ನೀವು,” ಎಂದರು ಡಾಕ್ಟರ್, ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತ. “ಮೂರ್ತಿ ಕೊಟ್ಟವನ ಹೆಸರನ್ನು ನಾನು ಬರೆದದ್ದು ನಿಮ್ಮ ಆಫೀಸಿನ ವಿಮೆ ಕಾಗದದಲ್ಲಿ ಮಾತ್ರ. ಫೋಟೊ ಬೀಳಿಸಿದವರು ನೀವು. ನನ್ನ ಬಾಯಿಯಿಂದ ಎಲ್ಲವನ್ನೂ ತೆಗೆದವರು ನೀವು. ಒಬ್ಬ ಗಂಡಸಿನ ದನಿ ಹೊಂದಿಸಿಕೊಳ್ಳುವುದು ನಿಮಗೆ ಕಷ್ಟವೇ?”

“ನನ್ನ ಮಾತು ಕೇಳಿ. ಪೂವಪ್ಪನಿಗೋಸ್ಕರ ಕೇಳಿ.”

“ಪೊಲೀಸರಿಗೆ ನಾನು ಏನನ್ನೂ ಹೇಳುವುದಿಲ್ಲ. ನಾನು ಭಾರತಕ್ಕೆ ಹೋದವಳೇ ಅಲ್ಲ.”

ಪೂವಪ್ಪನನ್ನು ಉಳಿಸಬಲ್ಲ ಒಂದೇ ಒಂದು ಬಾಯಿ ವಾರಿಜಾಕ್ಷಿಯ ಕಣ್ಣೆದುರೇ ಮುಚ್ಚಿಕೊಂಡಿತು.

ಆಗ ಕಾಲಿಂಗ್ ಬೆಲ್ ಸದ್ದಾಯಿತು.

“ವಾರಿಜಕ್ಕ, ನಾನು, ಸುಶಾಂತ್. ಎಷ್ಟು ಹೊತ್ತು ಮಾರಾಯ್ರೆ? ಪೊಲೀಸಿನವರೂ ಬಂದಿದ್ದಾರೆ. ಸಹಿ ಆಯ್ತಾ?”

“ತೆಗೀಬೇಡಿ,” ಎಂದಳು ವಾರಿಜಾಕ್ಷಿ.

ಆ ಮಾತು ಕೇಳಿದ್ದೇ ಡಾಕ್ಟರ್ ಆಸ್ಟ್ ಬಾಗಿಲಿಗೆ ಓಡಿದರು. ಬೆಂಕಿ ಬಿದ್ದ ಮನೆಯಿಂದ ಹೊರಗೋಡುವವರಂತೆ ಚಿಲಕ ಎಳೆದು, “ಸದ್ಯ, ಬಂದಿರಲ್ಲ,” ಎಂದು ಬಾಗಿಲನ್ನು ಪೂರ್ತಿ ತೆರೆದರು.

ಫೋನ್ ಇನ್ನೂ ಬಡಿದುಕೊಳ್ಳುತ್ತಲೇ ಇತ್ತು. ಒಳಗೆ ಬಂದ ಸುಶಾಂತ್ ಮೊದಲು ನೋಡಿದ್ದು ವಾರಿಜಾಕ್ಷಿಯ ಮುಖವನ್ನಲ್ಲ, ಆ ಬ್ಯಾಗನ್ನು.